3 ದಿನದ ಕ್ರೀಡಾಕೂಟ, 9,000 ಚಿತ್ರ: ಆಯ್ಕೆ ಮತ್ತು ತಿದ್ದುಪಡಿ ಬೇಗ ಮುಗಿಸುವುದು ಹೇಗೆ?

ಗುಮ್ಮಟದ ನೆರಳು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ 11 ವರ್ಷಗಳಿಂದ ಸಣ್ಣ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಕುಬಸ, ಜಾವಳ, ಪಾಸ್‌ಪೋರ್ಟ್ ಫೋಟೋಗಳಲ್ಲೇ ಹೊಟ್ಟೆ ಹೊರೆದುಕೊಂಡು ಬಂದ ನನಗೆ ಕಳೆದ ತಿಂಗಳು ಮೊದಲ ಸಲ ಶಾಲಾ ಮಕ್ಕಳ ಕ್ರೀಡಾಕೂಟವೊಂದರ ಕೆಲಸ ಸಿಕ್ಕಿತು. ಕಬಡ್ಡಿ, ಖೊಖೊ, ವಾಲಿಬಾಲ್, ಓಟ, ಉದ್ದ ಜಿಗಿತ, ಕುಸ್ತಿ ಎಲ್ಲವೂ ಇದ್ದ 3 ದಿನದ ಕೂಟ. ನಾನೂ ನನ್ನ ತಮ್ಮನೂ ಒಂದೊಂದು ಕ್ಯಾಮೆರಾ ಹಿಡಿದು 9,000ಕ್ಕೂ ಹೆಚ್ಚು ಚಿತ್ರ ತೆಗೆದೆವು.

ತೆಗೆಯುವಾಗ ಏನೂ ತೊಂದರೆ ಆಗಲಿಲ್ಲ. ತೊಂದರೆ ಶುರುವಾದದ್ದು ಸ್ಟುಡಿಯೋಕ್ಕೆ ಬಂದ ಮೇಲೆ. ಮದುವೆಯ ಚಿತ್ರಗಳಿಗೆ ಮಾಡುವಂತೆಯೇ ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದು, ಅಷ್ಟನ್ನೂ ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ಗೆ ಇಂಪೋರ್ಟ್ ಮಾಡಿ, ದೊಡ್ಡ ಪ್ರಿವ್ಯೂ ತಯಾರಾಗಲೆಂದು ರಾತ್ರಿಯಿಡೀ ಕಂಪ್ಯೂಟರ್ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅರ್ಧವೂ ಆಗಿರಲಿಲ್ಲ. ತಮ್ಮನ ಕ್ಯಾಮೆರಾದ ಗಡಿಯಾರ 47 ನಿಮಿಷ ಹಿಂದಿತ್ತೆಂದು ತಿಳಿದದ್ದೂ ಆಗಲೇ. ಸಮಯದ ಪ್ರಕಾರ ಜೋಡಿಸಿದಾಗ ಖೊಖೊ ಪಂದ್ಯದ ನಡುವೆ ಕುಸ್ತಿ ಬರುತ್ತಿತ್ತು, ಕುಸ್ತಿಯ ನಡುವೆ ಬಹುಮಾನ ವಿತರಣೆ ಬರುತ್ತಿತ್ತು. ಈ ಗೊಂದಲದಲ್ಲಿ ಗೆದ್ದ ಬಾಲಕಿಯರ ತಂಡದ ಚಿತ್ರಕ್ಕೆ ಸೋತ ಶಾಲೆಯ ಹೆಸರು ಹಾಕಿ ಕೊಟ್ಟುಬಿಟ್ಟೆ. ಆ ಶಾಲೆಯ ದೈಹಿಕ ಶಿಕ್ಷಕರು ಫೋನಿನಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯುವುದು ಬೇಡ, ತಪ್ಪು ನನ್ನದೇ. ಚಿತ್ರಗಳನ್ನು ಒಪ್ಪಿಸುವಷ್ಟರಲ್ಲಿ 8 ದಿನ ಕಳೆದಿದ್ದವು. ಅಷ್ಟರೊಳಗೆ ಯಾರೋ ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರಗಳೇ ಎಲ್ಲ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿ ಹಳೆಯದಾಗಿದ್ದವು.

ಮುಂದಿನ ತಿಂಗಳು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯೊಂದನ್ನು ಒಪ್ಪಿಕೊಂಡಿದ್ದೇನೆ. ಅದೇ ರಾತ್ರಿ ಪತ್ರಿಕೆಗಳಿಗೆ ನಾಲ್ಕೈದು ಚಿತ್ರ, ಮರುದಿನ ಸಂಜೆಯೊಳಗೆ ತಂಡಗಳಿಗೆ ಎಲ್ಲ ಚಿತ್ರ ಬೇಕೆಂದು ಕೇಳಿದ್ದಾರೆ. ನನ್ನದು 8 ಜಿಬಿ ರ‍್ಯಾಮ್ ಇರುವ, ತಿರುಗುವ ಹಾರ್ಡ್‌ಡಿಸ್ಕಿನ ಹಳೆಯ ಲ್ಯಾಪ್‌ಟಾಪ್. ಹೊಸ ಕಂಪ್ಯೂಟರ್ ಕೊಳ್ಳದೆ ಗತಿಯಿಲ್ಲವೇ, ಅಥವಾ ನನ್ನ ಕೆಲಸದ ಕ್ರಮವೇ ತಪ್ಪೇ? ಆಟದ ಚಿತ್ರಗಳಲ್ಲಿ ಪಳಗಿದವರು ದಯವಿಟ್ಟು ತಿಳಿಸಬೇಕು.

ಕುಂದಾನಗರಿ, ಬೆಳಗಾವಿ

ನಮಸ್ಕಾರ ಸರ್. ಬೆಳಗಾವಿಯಲ್ಲಿ ಪತ್ರಿಕೆಗಳಿಗೆ ಕುಸ್ತಿ, ಫುಟ್‌ಬಾಲ್, ಕ್ರಿಕೆಟ್ ಚಿತ್ರಗಳನ್ನು ಕಳಿಸುವ ಕೆಲಸ ನನ್ನದು. ಸದ್ಯಕ್ಕೆ ಲ್ಯಾಪ್‌ಟಾಪ್ ಬದಲಿಸಬೇಡಿ. ಆ ದುಡ್ಡಿನಲ್ಲಿ ಸಣ್ಣ ಪಾಲನ್ನು ಒಂದು ಒಳ್ಳೆಯ ಕಾರ್ಡ್ ರೀಡರಿಗೂ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿಗೂ ಹಾಕಿದರೆ ಸಾಕು.

ಲೆಕ್ಕ ಹೀಗಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರ) ಸುಮಾರು 26 ಎಂಬಿ ತೂಗುತ್ತದೆ ಎಂದುಕೊಳ್ಳಿ. ದಿನಕ್ಕೆ 3,000 ಚಿತ್ರವೆಂದರೆ 78 ಜಿಬಿ. ಹಳೆಯ ಯುಎಸ್‌ಬಿ 2 ರೀಡರ್ ಸೆಕೆಂಡಿಗೆ 35 ಎಂಬಿ ಆಸುಪಾಸಿನಲ್ಲಿ ಎಳೆಯುವುದರಿಂದ ನಕಲು ಮಾಡುವುದಕ್ಕೇ 37 ನಿಮಿಷ ಹೋಗುತ್ತದೆ. ಯುಎಸ್‌ಬಿ 3 ರೀಡರಿನಲ್ಲಿ ಸಾಧಾರಣ ಕಾರ್ಡ್ ಕೂಡ ಸೆಕೆಂಡಿಗೆ 90 ಎಂಬಿ ಕೊಟ್ಟರೆ ಅದೇ ಕೆಲಸ ಕಾಲು ಗಂಟೆಗೆ ಮುಗಿಯುತ್ತದೆ. ಕ್ಯಾಮೆರಾಕ್ಕೇ ಕೇಬಲ್ ಚುಚ್ಚಿ ನಕಲು ಮಾಡುವ ಅಭ್ಯಾಸವಿದ್ದರೆ ಅದನ್ನು ಇಂದೇ ಬಿಡಿ, ಬ್ಯಾಟರಿಯೂ ಹೋಗುತ್ತದೆ, ಹೊತ್ತೂ ಹೋಗುತ್ತದೆ.

ಆದರೆ ನಿಮ್ಮ 8 ದಿನ ತಿಂದದ್ದು ನಕಲು ಕೆಲಸವೂ ಅಲ್ಲ, ತಿದ್ದುಪಡಿಯೂ ಅಲ್ಲ. 9,000 ಚಿತ್ರಗಳನ್ನೂ ಲೈಟ್‌ರೂಮ್ ಒಳಗೆ ಕರೆದುಕೊಂಡು ಆಮೇಲೆ ಆರಿಸಲು ಕುಳಿತಿರಲ್ಲ, ಅಲ್ಲೇ ದಿನಗಳು ಕಳೆದವು. ಪ್ರತಿಯೊಂದು ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮೆರಾವೇ ಮಾಡಿಟ್ಟ ಒಂದು ಸಿದ್ಧ ಜೆಪೆಗ್ ಇರುತ್ತದೆ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನಾವು ನೋಡುವುದು ಅದನ್ನೇ. ಫೋಟೋ ಮೆಕ್ಯಾನಿಕ್‌ನಂಥ ತಂತ್ರಾಂಶ ರಾ ಫೈಲನ್ನು ಬಿಡಿಸುವ ಗೋಜಿಗೆ ಹೋಗದೆ ಆ ಜೆಪೆಗ್ಗನ್ನಷ್ಟೇ ತೋರಿಸುತ್ತದೆ, ಆದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಕೀಲಿ ಒತ್ತಿದ ಕೂಡಲೇ ಮುಂದಿನ ಚಿತ್ರ ಬಂದು ನಿಲ್ಲುತ್ತದೆ. ಅದು ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ಬೇಡವೆನಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನ ಇಂಪೋರ್ಟ್ ಪುಟದಲ್ಲಿ ಪ್ರಿವ್ಯೂ ಎಂಬಲ್ಲಿ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಆರಿಸಿಕೊಳ್ಳಿ, ಅದೂ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ನೀವು ಆರಿಸಿಕೊಂಡದ್ದು ಪೂರ್ತಿ ಅಳತೆಯ 1:1 ಪ್ರಿವ್ಯೂ ಇರಬೇಕು, ರಾತ್ರಿಯೆಲ್ಲ ಕಂಪ್ಯೂಟರ್ ಒದ್ದಾಡಿದ್ದು ಅದಕ್ಕೇ.

ಇನ್ನು ಆರಿಸುವ ರೀತಿ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕೆಟ್ಟ ಚಿತ್ರಗಳನ್ನು ಹೆಕ್ಕಿ ಹೊರಗೆ ಹಾಕುತ್ತ ಕುಳಿತರೆ ಆಟದ ಚಿತ್ರಗಳಲ್ಲಿ ಎಂದಿಗೂ ಮುಗಿಯುವುದಿಲ್ಲ, ಯಾಕೆಂದರೆ ಇಲ್ಲಿ ಕಲ್ಲೇ ಹೆಚ್ಚು, ಅಕ್ಕಿ ಕಡಿಮೆ. ಬೇಕಾದದ್ದಕ್ಕೆ ಮಾತ್ರ ಗುರುತು ಹಾಕಿ, ಉಳಿದದ್ದನ್ನು ಮುಟ್ಟದೆ ಮುಂದೆ ಹೋಗಿ. ಲೈಟ್‌ರೂಮ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿಟ್ಟರೆ, ಪಿ ಕೀಲಿಯಿಂದ ಗುರುತು ಹಾಕಿದ ತಕ್ಷಣ ಮುಂದಿನ ಚಿತ್ರ ತಾನಾಗಿ ಬರುತ್ತದೆ. ಒಂದು ಚಿತ್ರಕ್ಕೆ ಒಂದು ಸೆಕೆಂಡ್ ಎಂದರೂ 9,000 ಚಿತ್ರ ಎರಡೂವರೆ ಗಂಟೆಯ ಕೆಲಸ, ಮತ್ತು ದಿನದಿನದ್ದು ಅದೇ ದಿನ ಮುಗಿಸಿದರೆ 50 ನಿಮಿಷ ಮಾತ್ರ. ಮೊದಲ ಸುತ್ತಿನಲ್ಲಿ ಯೋಚಿಸಬೇಡಿ. ಎರಡನೇ ಸುತ್ತಿನಲ್ಲಿ ಗುರುತು ಬಿದ್ದವನ್ನಷ್ಟೇ ತೆರೆದು, ಕಣ್ಣಿನ ಜಾಗವನ್ನು ದೊಡ್ಡದು ಮಾಡಿ ಫೋಕಸ್ ನೋಡಿ, ಒಂದೇ ಬಗೆಯವುಗಳಲ್ಲಿ ಒಂದನ್ನೇ ಉಳಿಸಿ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಕಬಡ್ಡಿಯ ಒಂದು ರೈಡ್ 30 ಸೆಕೆಂಡ್. ರೈಡರ್ ಸಿಕ್ಕಿಬಿದ್ದು ನಡುಗೆರೆಯತ್ತ ಕೈ ಚಾಚುವ ಹೊತ್ತಿಗೆ ನಾನು ಒತ್ತಿದ್ದು 11 ಫ್ರೇಮ್. ಮೊದಲ ನಾಲ್ಕರಲ್ಲಿ ಹಿಡಿದವರ ಬೆನ್ನು ಅಡ್ಡ ಬಂದಿತ್ತು. ಐದನೆಯದರಲ್ಲಿ ಮುಖ ಕಂಡಿತ್ತು, ಆದರೆ ಕೈ ಇನ್ನೂ ನೆಲದ ಮೇಲಿರಲಿಲ್ಲ. ಏಳರಲ್ಲಿ ಬೆರಳು ಗೆರೆಯಿಂದ ಗೇಣುದ್ದ ಹಿಂದಿತ್ತು, ಹಲ್ಲು ಕಚ್ಚಿದ ಮುಖ ಪೂರ್ತಿ ಕಾಣುತ್ತಿತ್ತು, ಹಿಂದಿನವನ ಹಿಡಿತದಲ್ಲಿ ಕಣಕಾಲು ಇತ್ತು. ಎಂಟರಲ್ಲಿ ಬೆರಳು ಗೆರೆ ಮುಟ್ಟಿತ್ತು, ಮುಖ ಮಾತ್ರ ಕೆಳಗೆ ಹೋಗಿತ್ತು. ನಾನು ಏಳನ್ನು ಪತ್ರಿಕೆಗೆ ಕಳಿಸಿ, ಎಂಟನ್ನು ತಂಡದವರಿಗೆ ಕೊಟ್ಟೆ. ಅಂಕ ಬಂದದ್ದಕ್ಕೆ ಸಾಕ್ಷಿ ಅವರಿಗೆ ಬೇಕು, ಓದುಗರಿಗೆ ಬೇಕಾದದ್ದು ಆ ಗೇಣಂತರ. ಉಳಿದ ಒಂಬತ್ತನ್ನು ಎರಡನೇ ಸಲ ನೋಡಲೂ ಇಲ್ಲ.

ಹೀಗೆ ಆರಿಸಿದರೆ 9,000ದಲ್ಲಿ 400 ಉಳಿಯಬಹುದು, ತಿದ್ದುವುದು ಅವಷ್ಟನ್ನೇ. ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಆರೂವರೆ ಗಂಟೆಗಿಂತ ಹೆಚ್ಚಾಗುತ್ತದೆ, ಆದ್ದರಿಂದ ಗುಂಪಾಗಿ ತಿದ್ದಬೇಕು. ಒಂದೇ ಅಂಕಣದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ದಿಕ್ಕಿಗೆ ತಿರುಗಿ ತೆಗೆದವುಗಳನ್ನು ಒಟ್ಟು ಆರಿಸಿ, ಒಂದಕ್ಕೆ ಮಾಡಿದ ಬಿಳಿ ಸಮತೋಲನ (ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್), ಬೆಳಕು, ನೆರಳುಗಳ ತಿದ್ದುಪಡಿಯನ್ನು ಉಳಿದವಕ್ಕೆ ಸಿಂಕ್ ಮಾಡಿ. ಕ್ರಾಪ್ ಮಾತ್ರ ಒಂದೊಂದಕ್ಕೆ ಬೇರೆಯಾಗಿಯೇ ಮಾಡಬೇಕು. ಮಟ್ಟಿ ಕುಸ್ತಿಯಲ್ಲಿ ಒಂದು ಎಚ್ಚರ: ಕೆಂಪು ಮಣ್ಣು ಚೌಕಟ್ಟಿನ ತುಂಬ ಇದ್ದಾಗ ಆಟೋ ಬಿಳಿ ಸಮತೋಲನ ಆ ಕೆಂಪನ್ನು ದೋಷವೆಂದು ತಿಳಿದು ಕಳೆದುಬಿಡುತ್ತದೆ, ಪೈಲ್ವಾನರ ಮೈ ಬೂದಿ ಬಳಿದಂತೆ ಕಾಣುತ್ತದೆ. ಬಿಸಿಲಿದ್ದರೆ ಕ್ಯಾಮೆರಾವನ್ನೇ ಡೇಲೈಟ್‌ಗೆ ನಿಲ್ಲಿಸಿಬಿಟ್ಟರೆ ಆ ಚಿತ್ರಗಳ ಬಣ್ಣ ತಿದ್ದುವ ಕೆಲಸವೇ ಇರುವುದಿಲ್ಲ.

ಪತ್ರಿಕೆಗೆ ಹೋಗುವ ಚಿತ್ರದಲ್ಲಿ ಬೆಳಕು, ಬಣ್ಣ, ಕ್ರಾಪ್ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಮದುವೆಯ ಅಲ್ಬಮ್ಮಿನಲ್ಲಿ ಹಿಂದಿನ ಕುರ್ಚಿ ಅಳಿಸಿದರೆ ಯಾರೂ ಕೇಳುವುದಿಲ್ಲ, ಅಂಕಣದ ಪಕ್ಕ ನಿಂತ ಮನುಷ್ಯನನ್ನು ಅಳಿಸಿದರೆ ಅದು ಸುಳ್ಳು ಸುದ್ದಿಯಾಗುತ್ತದೆ.

ಚಕ್ರ ಮತ್ತು ಚಿತ್ರ, ಬಾಗಲಕೋಟೆ

ನಾನೂ ನನ್ನ ಯಜಮಾನರೂ ನವನಗರದಲ್ಲಿದ್ದುಕೊಂಡು ಹೆಚ್ಚಾಗಿ ಸೈಕಲ್ ರೇಸ್‌ಗಳ ಚಿತ್ರ ತೆಗೆಯುತ್ತೇವೆ. ನಿಮ್ಮ ಜಿಲ್ಲೆಯಲ್ಲಿಯೂ ನಮ್ಮ ಜಿಲ್ಲೆಯಲ್ಲಿಯೂ ಸೈಕಲ್ ಪಟುಗಳಿಗೆ ಬರವಿಲ್ಲ, ಆದ್ದರಿಂದ ಕೆಲಸಕ್ಕೂ ಬರವಿಲ್ಲ. ಮೇಲಿನವರು ಆಯ್ಕೆಯ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ನೀವು ಬರೆದುದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 47 ನಿಮಿಷ. ತಪ್ಪು ಶಾಲೆಯ ಹೆಸರು ಬಂದದ್ದೂ ಅಲ್ಲಿಂದಲೇ ಎಂದು ನನ್ನ ಅನಿಸಿಕೆ.

ಬೆಳಿಗ್ಗೆ ಮೈದಾನಕ್ಕೆ ಹೋದ ಕೂಡಲೇ ನಾವು ಮಾಡುವ ಮೊದಲ ಕೆಲಸವೆಂದರೆ ಒಂದು ಮೊಬೈಲಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದು, ಎರಡೂ ಕ್ಯಾಮೆರಾಗಳಿಂದ ಅದೇ ಪರದೆಯ ಚಿತ್ರ ತೆಗೆಯುವುದು. ಕ್ಯಾಮೆರಾದ ಗಡಿಯಾರ ಎಷ್ಟೇ ತಪ್ಪಿರಲಿ, ಆ ಚಿತ್ರದಲ್ಲಿ ಕಾಣುವ ಸಮಯಕ್ಕೂ ಫೈಲಿನೊಳಗೆ ದಾಖಲಾದ ಸಮಯಕ್ಕೂ ಇರುವ ಅಂತರವೇ ತಿದ್ದಬೇಕಾದ ಅಂತರ. ಲೈಟ್‌ರೂಮ್ ಕ್ಲಾಸಿಕ್‌ನ ಮೆಟಾಡೇಟಾ ಮೆನುವಿನಲ್ಲಿ ‘ಎಡಿಟ್ ಕ್ಯಾಪ್ಚರ್ ಟೈಮ್’ ಇದೆ. ಒಂದು ಕ್ಯಾಮೆರಾದ ಎಲ್ಲ ಚಿತ್ರಗಳನ್ನು ಆರಿಸಿ, ಗಡಿಯಾರದ ಚಿತ್ರಕ್ಕೆ ಸರಿಯಾದ ಸಮಯ ಕೊಟ್ಟರೆ ಉಳಿದವೆಲ್ಲ ಅಷ್ಟೇ ಅಂತರದಿಂದ ಸರಿಯುತ್ತವೆ. ಹೋದ ಕ್ರೀಡಾಕೂಟದ ಚಿತ್ರಗಳನ್ನೂ ನೀವು ಹೀಗೆ ಈಗಲೂ ಸರಿಮಾಡಬಹುದು: ಇಬ್ಬರೂ ಸೇರಿ ತೆಗೆದ ಯಾವುದಾದರೂ ಒಂದೇ ಗಳಿಗೆಯನ್ನು ಹುಡುಕಿ, ಓಟದ ಗೆರೆ ಮುಟ್ಟಿದ ಕ್ಷಣವಾದರೆ ಉತ್ತಮ.

ಹೆಸರಿನ ವಿಷಯ. ಪ್ರತಿ ಪಂದ್ಯಕ್ಕೆ ಮುಂಚೆ ಸ್ಕೋರ್‌ಶೀಟಿನ ಚಿತ್ರ ಒಂದು, ಸಾಲಾಗಿ ನಿಂತ ಎರಡೂ ತಂಡಗಳ ಚಿತ್ರ ಒಂದೊಂದು ತೆಗೆಯಿರಿ. ಪಂದ್ಯ ಮುಗಿದ ಮೇಲೆ ಲೆನ್ಸಿಗೆ ಅಂಗೈ ಅಡ್ಡ ಹಿಡಿದು ಒಂದು ಕಪ್ಪು ಫ್ರೇಮ್ ಒತ್ತಿ. ಆಮೇಲೆ ಸಣ್ಣ ಚಿತ್ರಗಳ ಪುಟ ತೆರೆದರೆ ಆ ಕಪ್ಪು ಚೌಕಗಳು ಹೊಲದ ಬದುವಿನಂತೆ ಎದ್ದು ಕಾಣುತ್ತವೆ, ಎಲ್ಲಿಂದ ಎಲ್ಲಿಯವರೆಗೆ ಯಾವ ಪಂದ್ಯ ಎಂದು ಯಾರನ್ನೂ ಕೇಳಬೇಕಿಲ್ಲ. ಬದುವಿನಿಂದ ಬದುವಿನವರೆಗೆ ಒಟ್ಟು ಆರಿಸಿ ಪಂದ್ಯದ ಹೆಸರು, ತಂಡಗಳು, ಊರು, ದಿನಾಂಕ ಒಂದೇ ಸಲಕ್ಕೆ ತುಂಬಿಬಿಡಿ. ಈ ಕೆಲಸ ಆಯ್ಕೆಗಿಂತ ಮುಂಚೆಯೇ ಆಗಬೇಕೆಂಬುದು ನನ್ನ ಹಟ. ಚಿತ್ರ ಎಲ್ಲಿಗೇ ಹೋದರೂ ಅದರ ಹೆಸರು ಅದರೊಳಗೇ ಇರುತ್ತದೆ.

ಫೈಲಿಗೆ ಕ್ಯಾಮೆರಾ ಕೊಟ್ಟ ಹೆಸರನ್ನು ಹಾಗೇ ಬಿಡಬೇಡಿ. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ, ಎರಡು ಕ್ಯಾಮೆರಾ ಒಂದೇ ಕಂಪನಿಯವಾದರೆ ಒಂದೇ ಹೆಸರಿನ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿ ಎದುರಾಗುತ್ತವೆ, ‘ರಿಪ್ಲೇಸ್ ಮಾಡಲೇ’ ಎಂದು ಕಂಪ್ಯೂಟರ್ ಕೇಳಿದಾಗ ನಿದ್ದೆಗಣ್ಣಿನಲ್ಲಿ ಹೌದು ಎಂದರೆ ಒಂದು ಪಂದ್ಯವೇ ಹೋಯಿತು. ಹೀಗೆ ಬಾಲಕರ 400 ಮೀಟರ್ ಓಟದ ಕೊನೆಯ ಸುತ್ತನ್ನು ಕಳೆದುಕೊಂಡವಳು ನಾನೇ. ವರ್ಷ, ತಿಂಗಳು, ದಿನ, ಆಮೇಲೆ ಆಟದ ಸಣ್ಣ ಹೆಸರು, ಆಮೇಲೆ ಕ್ಯಾಮೆರಾದ ಗುರುತಿನ ಒಂದು ಅಕ್ಷರ, ಕೊನೆಗೆ ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಡಿ. ವರ್ಷ ಮೊದಲಿದ್ದರೆ ಹತ್ತು ವರ್ಷದ ಫೋಲ್ಡರುಗಳೂ ತಾವಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತವೆ.

ಮಕ್ಕಳ ಚಿತ್ರಗಳನ್ನು ಹೆಸರು, ಶಾಲೆ ಸಮೇತ ಎಲ್ಲರಿಗೂ ತೆರೆದ ಪುಟದಲ್ಲಿ ಹಾಕುವ ಮುಂಚೆ ಶಾಲೆಯವರ ಒಪ್ಪಿಗೆ ಕೇಳಿಬಿಡಿ.

ಅರ್ಧ ಸೆಕೆಂಡ್, ಜಮಖಂಡಿ

ಇಬ್ಬರೂ ರಾ ಫೈಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಹಗಲಿನ ಆಟಕ್ಕೆ ರಾ ಯಾಕೆ ಬೇಕು? ಜೆಪೆಗ್‌ನಲ್ಲಿ ತೆಗೆದರೆ ಫೈಲಿನ ತೂಕ ಅರ್ಧಕ್ಕೂ ಕಡಿಮೆಯಾಗುತ್ತದೆ, ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಚಿತ್ರ ನಿಲ್ಲುವ ತಾತ್ಕಾಲಿಕ ಜಾಗ) ಬೇಗ ತುಂಬುವುದಿಲ್ಲ, ಕಳಿಸುವುದಕ್ಕೆ ಮುಂಚೆ ಪರಿವರ್ತಿಸುವ ಹಂತವೇ ಇರುವುದಿಲ್ಲ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನ್ನ ಫ್ರೀಲ್ಯಾನ್ಸ್ ಛಾಯಾಗ್ರಾಹಕರಿಗೆ, ರಾದಿಂದ ಪರಿವರ್ತಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲಿಯೇ ಜೆಪೆಗ್ ಆಗಿ ದಾಖಲಾದದ್ದನ್ನೇ ಕಳಿಸಿ ಎಂದು ತಿಳಿಸಿತ್ತು. ವೇಗವೂ ಅವರಿಗೆ ಬೇಕಿತ್ತು, ಚಿತ್ರ ನಿಜವಿರಬೇಕೆಂಬ ಕಾಳಜಿಯೂ ಇತ್ತು. ಜೆಪೆಗ್‌ನಲ್ಲಿ ತಿದ್ದುವ ಅವಕಾಶ ಕಡಿಮೆ, ನಿಜ. ಹಾಗಾಗಿ ತೆಗೆಯುವಾಗಲೇ ಎಕ್ಸ್‌ಪೋಶರ್ ಸರಿಯಿರಬೇಕು, ಅದನ್ನು ಕಲಿಯುವುದು ನಮಗೇನೂ ಕೆಟ್ಟದ್ದಲ್ಲ.

ಆದರೆ ನಿಮ್ಮ ಹೊನಲು ಬೆಳಕಿನ ಕಬಡ್ಡಿಗೆ ನಾನೂ ರಾ ಎನ್ನುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಹಳೆಯ ಬಗೆಯ ದೀಪಗಳೂ ಕಡಿಮೆ ದರ್ಜೆಯ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ಕಾಣುವುದಿಲ್ಲ. 1/1000 ಶಟರ್‌ನಲ್ಲಿ ನೀವು ಆ ಏರಿಳಿತದ ಹತ್ತನೇ ಒಂದು ಪಾಲನ್ನು ಮಾತ್ರ ಹಿಡಿಯುತ್ತೀರಿ, ಹಾಗಾಗಿ ಒಂದೇ ಬರ್ಸ್ಟಿನ (ಬಟನ್ ಒತ್ತಿಹಿಡಿದು ಸಾಲಾಗಿ ತೆಗೆದ ಚಿತ್ರಗಳ) ಮೊದಲ ಚಿತ್ರ ಬೆಳ್ಳಗೆ, ಎರಡನೆಯದು ಕಂದು, ಮೂರನೆಯದು ಅರ್ಧ ಹಸಿರು ಬರುತ್ತದೆ. ಬೆಳಗಾವಿಯವರು ಹೇಳಿದ ಸಿಂಕ್ ಇಲ್ಲಿ ಸೋಲುತ್ತದೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಆಯ್ಕೆ ಇದ್ದರೆ ಹಾಕಿ, ಅದು ಬೆಳಕು ಏರಿದ ಗಳಿಗೆಗೆ ಶಟರನ್ನು ಹೊಂದಿಸುತ್ತದೆ, ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಸ್ವಲ್ಪ ಇಳಿಯುತ್ತದೆ ಅಷ್ಟೇ. ಇಲ್ಲದಿದ್ದರೆ ಆರಿಸುವಾಗಲೇ ಬರ್ಸ್ಟಿನಲ್ಲಿ ಹೆಚ್ಚು ಬೆಳಕಿರುವ ಚಿತ್ರಗಳನ್ನೇ ಆರಿಸಿಕೊಳ್ಳಿ. ಬೆಳಕಿನ ತುದಿಯಲ್ಲಿ ತೆಗೆದವುಗಳ ಬಣ್ಣ ಒಂದಕ್ಕೊಂದು ಹೊಂದುತ್ತದೆ. ತಿದ್ದಿ ತಿದ್ದಿ ಸಾಯುವುದಕ್ಕಿಂತ ಇದು ಸಲೀಸು.

ಕಡಿಮೆ ಬೆಳಕಿನಲ್ಲಿ ಚಿತ್ರದ ಮೇಲೆ ಮೂಡುವ ನಾಯ್ಸ್ ಚುಕ್ಕೆಗಳನ್ನು ತೆಗೆಯುವ ಎಐ ಡಿನಾಯ್ಸ್ ಅನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಚಿತ್ರಕ್ಕೂ ಓಡಿಸಬೇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಒಂದೊಂದು ಚಿತ್ರಕ್ಕೂ ಹಲವು ನಿಮಿಷ ಹಿಡಿಯುತ್ತದೆ. ಮುದ್ರಣಕ್ಕೆ ಹೋಗುವ ಎರಡು ಮೂರಕ್ಕೆ ಮಾತ್ರ ಇರಲಿ. ಪತ್ರಿಕೆಯ ಕಾಗದದ ಮೇಲೆ ಐಎಸ್‌ಒ 6400ರ ಚುಕ್ಕೆ ಯಾರಿಗೂ ಕಾಣುವುದಿಲ್ಲ.

ದುಡ್ಡಿಲ್ಲದ ದಾರಿಯನ್ನೂ ಹೇಳಿಬಿಡುತ್ತೇನೆ. ಡಿಜಿಕ್ಯಾಮ್ ಮತ್ತು ಡಾರ್ಕ್‌ಟೇಬಲ್ ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಜೋಡಿಸಿ ಹೆಸರಿಡಲು ಮೊದಲನೆಯದು, ರಾ ತಿದ್ದಲು ಎರಡನೆಯದು ಸಾಕಾಗುತ್ತದೆ. ಅಡೋಬಿ ಬ್ರಿಡ್ಜ್ ಕೂಡ ಉಚಿತವಾಗಿ ಸಿಗುತ್ತದೆ. ಸಾವಿರಾರು ಫೈಲುಗಳ ಸಮಯವನ್ನೂ ಶೀರ್ಷಿಕೆಯನ್ನೂ ಒಂದೇ ಸಾಲಿನ ಆದೇಶದಲ್ಲಿ ಬದಲಿಸುವ ಎಕ್ಸಿಫ್‌ಟೂಲ್ ಇದೆ. ಅದಕ್ಕೆ ಬಟನ್‌ಗಳಿಲ್ಲ, ಆದೇಶವನ್ನು ಟೈಪ್ ಮಾಡಬೇಕು. ಒಂದು ವಾರ ತಲೆ ಕೆಡುತ್ತದೆ, ಆಮೇಲೆ ಬೇರೆ ಯಾವುದೂ ಬೇಡವೆನಿಸುತ್ತದೆ.

ಗುಮ್ಮಟದ ನೆರಳು, ವಿಜಯಪುರ

ಮೂವರಿಗೂ ಅನಂತ ಧನ್ಯವಾದಗಳು. ಹಳೆಯ ಕ್ರೀಡಾಕೂಟದ ಕಾರ್ಡುಗಳು ಇನ್ನೂ ಹಾಗೇ ಇದ್ದವು, ಹೀಗಾಗಿ ನೀವು ಹೇಳಿದಂತೆ ಎರಡನೇ ದಿನದ ಚಿತ್ರಗಳನ್ನು ಮಾತ್ರ ಮೊದಲಿನಿಂದ ಮಾಡಿ ನೋಡಿದೆ. ಹೊಸ ರೀಡರಿನಲ್ಲಿ ನಕಲು 16 ನಿಮಿಷಕ್ಕೆ ಮುಗಿಯಿತು. ಗಡಿಯಾರ ಸರಿಪಡಿಸಲು ಅಕ್ಕನವರು ಹೇಳಿದ ಹಾಗೆ 100 ಮೀಟರ್ ಓಟದ ಕೊನೆಯ ಗೆರೆಯನ್ನೇ ಹಿಡಿದುಕೊಂಡೆ, ಹುಡುಗನ ಎದೆಗೆ ಟೇಪು ತಾಗಿದ ಚಿತ್ರ ನನ್ನ ಕ್ಯಾಮೆರಾದಲ್ಲಿಯೂ ಇತ್ತು, ತಮ್ಮನದರಲ್ಲಿಯೂ ಇತ್ತು. ಮೊದಲ ಸುತ್ತಿಗೆ ನನಗೆ ಒಂದೂಕಾಲು ಗಂಟೆ ಹಿಡಿಯಿತು, ಕೈ ಇನ್ನೂ ಪಳಗಬೇಕು. ಉಳಿದದ್ದು 171 ಚಿತ್ರ. ಹೋದ ಸಲ ಅದೇ ದಿನದ್ದು 640 ಚಿತ್ರ ಕೊಟ್ಟಿದ್ದೆ, ಈಗ ನೋಡಿದರೆ ನನಗೇ ನಾಚಿಕೆಯಾಗುತ್ತದೆ.

ಒಂದು ಸಂದೇಹ ಉಳಿದಿದೆ. ಚಿತ್ರದೊಳಗೆ ಹೆಸರು ತುಂಬಿ ಎಂದಿರಿ. ನಾನು ಎಲ್ಲವನ್ನೂ ಕನ್ನಡದಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡುತ್ತೇನೆ. ಪರೀಕ್ಷೆಗೆಂದು ಪತ್ರಿಕೆಯಲ್ಲಿರುವ ಗೆಳೆಯರೊಬ್ಬರಿಗೆ ಕಳಿಸಿದಾಗ ಅವರ ಕಡೆ ಕೆಲವು ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ, ಇನ್ನು ಕೆಲವು ಜಾಗದಲ್ಲಿ ಪದದ ಕೊನೆಗೆ ಖಾಲಿ ಚೌಕವೂ ಕಾಣಿಸಿದವಂತೆ. ಕನ್ನಡವನ್ನೇ ಬಿಡಬೇಕೇ?

ಕುಂದಾನಗರಿ, ಬೆಳಗಾವಿ

ಬಿಡಬೇಕಿಲ್ಲ ಸರ್. ನಿಮಗೆ ಆಗಿರುವುದು ಎರಡು ಬೇರೆ ಬೇರೆ ತೊಂದರೆ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದದ್ದು ನುಡಿಯನ್ನು ಹಳೆಯ ಫಾಂಟಿನ ವಿಧಾನದಲ್ಲಿ ಬಳಸಿದ್ದರಿಂದ. ಆ ವಿಧಾನದಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಚಿಹ್ನೆಗಳನ್ನೇ, ಮೇಲೆ ಕನ್ನಡದ ಉಡುಪು ತೊಡಿಸಿರುತ್ತದೆ ಅಷ್ಟೇ. ಚಿತ್ರದ ಮೆಟಾಡೇಟಾಕ್ಕೆ, ಅಂದರೆ ಫೈಲಿನೊಳಗೆ ಬರೆದಿಟ್ಟ ವಿವರಕ್ಕೆ, ಫಾಂಟ್ ಎಂಬುದೇ ಇಲ್ಲವಾದ್ದರಿಂದ ಉಡುಪು ಕಳಚಿಬೀಳುತ್ತದೆ. ಟೈಪ್ ಮಾಡುವಾಗ ಯೂನಿಕೋಡ್ ಆರಿಸಿಕೊಂಡರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಖಾಲಿ ಚೌಕದ ಕಥೆ ಸ್ವಲ್ಪ ಸೂಕ್ಷ್ಮ. ಚಿತ್ರದೊಳಗೆ ಶೀರ್ಷಿಕೆ ಬರೆಯಲು ಎರಡು ಪದ್ಧತಿಗಳಿವೆ. ಒಂದು ಸುದ್ದಿಸಂಸ್ಥೆಗಳ ಒಕ್ಕೂಟವಾದ ಐಪಿಟಿಸಿಯ ಹಳೆಯ ಪದ್ಧತಿ, ಇನ್ನೊಂದು ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ. ಹಳೆಯ ಪದ್ಧತಿಯಲ್ಲಿ ಒಂದೊಂದು ಖಾನೆಗೂ ಅಳತೆ ಕಟ್ಟಿದ್ದಾರೆ. ಒಂದು ಕೀವರ್ಡಿಗೆ 64 ಬೈಟ್, ಊರಿನ ಹೆಸರಿಗೆ 32, ಛಾಯಾಗ್ರಾಹಕನ ಹೆಸರಿಗೆ 32, ವಿವರಣೆಗೆ 2,000. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್, ಅಕ್ಷರಕ್ಕೆ ಹತ್ತಿದ ಗುಣಿತಕ್ಕೆ ಬೇರೆ ಮೂರು, ಒತ್ತಕ್ಷರ ಬಂದರೆ ಇನ್ನೂ ಹೆಚ್ಚು. ‘ಬಾಲಕಿಯರ ಖೊಖೊ ಅಂತಿಮ ಪಂದ್ಯ’ ಎಂಬುದನ್ನು ಎಣಿಸಿ ನೋಡಿ. ಚಿಹ್ನೆಗಳು 21, ನಡುವಿನ ಖಾಲಿ ಜಾಗ 3, ಒಟ್ಟು 66 ಬೈಟ್. ಎರಡು ಬೈಟ್ ಹೆಚ್ಚಾಯಿತು. ಹೀಗಾಗಿ ಕೊನೆಯ ಯಕಾರ ಮುರಿದು, ಅದರ ಜಾಗದಲ್ಲಿ ನಿಮ್ಮ ಗೆಳೆಯರಿಗೆ ಚೌಕ ಕಂಡಿದೆ.

ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ. ಕನ್ನಡದ ವಿವರಣೆ ಅಲ್ಲಿ ಎಷ್ಟು ಉದ್ದವಿದ್ದರೂ ಉಳಿಯುತ್ತದೆ. ಆದರೂ ನೋಡುವವರು ಯಾವ ತಂತ್ರಾಂಶದಲ್ಲಿ ತೆರೆಯುತ್ತಾರೋ ನಮಗೆ ಗೊತ್ತಿರುವುದಿಲ್ಲವಾದ್ದರಿಂದ ನಾನು ಕೀವರ್ಡುಗಳನ್ನು ಒಂದೊಂದೇ ಪದವಾಗಿ ಬಿಡಿಸಿ ಬರೆಯುತ್ತೇನೆ: ಬಾಲಕಿಯರು, ಖೊಖೊ, ಅಂತಿಮ. ನನ್ನ ಹೆಸರು, ಊರು, ಫೈಲಿನ ಹೆಸರು ಈ ಮೂರನ್ನು ಇಂಗ್ಲಿಷ್ ಅಕ್ಷರದಲ್ಲಿಡುತ್ತೇನೆ, ವಿವರಣೆ ಮಾತ್ರ ಪೂರ್ತಿ ಕನ್ನಡ.

ಆಟಗಾರರ ಹೆಸರನ್ನು ಮತ್ತೆ ಮತ್ತೆ ಟೈಪ್ ಮಾಡುವ ಕಷ್ಟಕ್ಕೂ ದಾರಿ ಇದೆ. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ಪಟ್ಟಿ ಇಸಿದುಕೊಂಡು ಜೆರ್ಸಿ ಸಂಖ್ಯೆ ಒಂದು ಕಡೆ, ಪೂರ್ಣ ಹೆಸರು ಇನ್ನೊಂದು ಕಡೆ ಬರುವಂತೆ ಸರಳ ಪಠ್ಯದ ಫೈಲ್ ಮಾಡಿಟ್ಟರೆ, ಫೋಟೋ ಮೆಕ್ಯಾನಿಕ್‌ನಲ್ಲಿ ಸಣ್ಣ ಸಂಕೇತ ಒತ್ತಿದಾಗ ಹೆಸರು ತಾನಾಗಿ ಮೂಡುತ್ತದೆ. ಕುಸ್ತಿಯಲ್ಲಿ ಇದು ನಡೆಯುವುದಿಲ್ಲ, ಲಂಗೋಟಿಗೆ ಸಂಖ್ಯೆ ಹೊಲಿದವರನ್ನು ನಾನಂತೂ ಕಂಡಿಲ್ಲ. ಅಲ್ಲಿ ಜೋಡಿ ಕರೆಯುವ ಧ್ವನಿವರ್ಧಕದ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳುತ್ತೇನೆ.

ಚಕ್ರ ಮತ್ತು ಚಿತ್ರ, ಬಾಗಲಕೋಟೆ

ಇಷ್ಟೆಲ್ಲ ತುಂಬಿ ಕೊನೆಗೆ ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಫೋಟೋದಂತೆ ಕಳಿಸಿದರೆ ಎಲ್ಲ ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆ. ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ ಒಳಗಿನ ಶೀರ್ಷಿಕೆಯನ್ನೂ ಕಿತ್ತುಹಾಕುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಫೈಲ್ ಇದ್ದಂತೆಯೇ ಹೋಗುತ್ತದೆ. ಉದ್ದದ ಬದಿ 2,000 ಪಿಕ್ಸೆಲ್, ಎಸ್‌ಆರ್‌ಜಿಬಿ ಬಣ್ಣ, ಗುಣಮಟ್ಟ 80 ಎಂದು ಒಂದು ಎಕ್ಸ್‌ಪೋರ್ಟ್ ಪ್ರಿಸೆಟ್ ಮಾಡಿಟ್ಟುಕೊಳ್ಳಿ. ತಂಡಗಳಿಗೆ ಮುದ್ರಣಕ್ಕೆ ಕೊಡುವ ಪೂರ್ತಿ ಅಳತೆಯದ್ದು ಬೇರೆ ಪ್ರಿಸೆಟ್ ಇರಲಿ.

ಹಳೆಯ ಕಾರ್ಡುಗಳು ಹಾಗೇ ಇದ್ದವು ಎಂದಿರಿ, ಅದು ಈ ಸಲ ಅದೃಷ್ಟ. ಮೂಲವೊಂದು ಲ್ಯಾಪ್‌ಟಾಪಿನಲ್ಲಿ, ನಕಲೊಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ನಕಲು ಸ್ಟುಡಿಯೋ ಬಿಟ್ಟು ಬೇರೆ ಮನೆಯಲ್ಲಿ ಸೇರುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬಾರದು. ಫಾರ್ಮ್ಯಾಟನ್ನೂ ಕ್ಯಾಮೆರಾದಲ್ಲಿಯೇ ಮಾಡಿ. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಬೋರಲು ಇಡುವುದು ನಮ್ಮ ಮನೆಯ ರೂಢಿ, ಕತ್ತಲಲ್ಲಿ ಕೈಯಿಂದ ತಡವಿದರೂ ಗೊತ್ತಾಗುತ್ತದೆ.

ಅರ್ಧ ಸೆಕೆಂಡ್, ಜಮಖಂಡಿ

ಕಬಡ್ಡಿಯ ರಾತ್ರಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ಪತ್ರಿಕೆಗಳಿಗೆ ಬೇಕಾದ ನಾಲ್ಕೈದು ಚಿತ್ರಕ್ಕಾಗಿ ಪಂದ್ಯ ಮುಗಿಯುವವರೆಗೆ ಕಾಯಬೇಡಿ. ಎರಡು ಅವಧಿಗಳ ನಡುವೆ 5 ನಿಮಿಷ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾದ ಪರದೆಯಲ್ಲಿಯೇ ಹಿಂದಕ್ಕೆ ಓಡಿಸಿ, ಚೆನ್ನಾಗಿ ಬಂದ ಮೂರು ನಾಲ್ಕಕ್ಕೆ ಬೀಗದ ಗುರುತು ಒತ್ತಿ. ಫೋಟೋ ಮೆಕ್ಯಾನಿಕ್‌ಗೆ ಬೀಗ ಹಾಕಿದ ಚಿತ್ರಗಳನ್ನು ಮಾತ್ರ ಕಾರ್ಡಿನಿಂದ ಎಳೆದುಕೋ ಎಂದು ಹೇಳಬಹುದು, ಕಾರ್ಡ್ ಚುಚ್ಚಿದ ಅರ್ಧ ನಿಮಿಷದಲ್ಲಿ ಅವು ನಿಮ್ಮ ಮುಂದಿರುತ್ತವೆ. ತಮ್ಮನವರನ್ನು ಅಂಕಣದ ಬದಿಯಲ್ಲಿಯೇ ಬಿಟ್ಟು ನೀವೊಬ್ಬರು ಲ್ಯಾಪ್‌ಟಾಪಿಗೆ ಬನ್ನಿ, ಏಕೆಂದರೆ ಎರಡನೇ ಅವಧಿಯ ಮೊದಲ ರೈಡ್ ನಿಮಗಾಗಿ ಕಾಯುವುದಿಲ್ಲ. ಲ್ಯಾಪ್‌ಟಾಪಿನ ಪ್ಲಗ್ಗನ್ನು ಮೈದಾನದ ದೀಪಗಳಿರುವ ಜನರೇಟರ್ ಸಾಲಿಗೆ ಮಾತ್ರ ಹಾಕಬೇಡಿ. ಒಮ್ಮೆ ದೀಪಗಳು ಹೋದಾಗ ನನ್ನ ಎಕ್ಸ್‌ಪೋರ್ಟ್ ಮೂರನೇ ಚಿತ್ರದಲ್ಲಿ ನಿಂತುಹೋಯಿತು, ಹಳೆಯ ಬ್ಯಾಟರಿ ಎರಡು ನಿಮಿಷವೂ ತಡೆಯಲಿಲ್ಲ.

ಗುಮ್ಮಟದ ನೆರಳು, ವಿಜಯಪುರ

ಬ್ಯಾಟರಿ ಬದಲಿಸಲು ಇಂದೇ ಕೊಟ್ಟು ಬಂದೆ. ತಮ್ಮನಿಗೆ ಅಂಗೈ ಅಡ್ಡ ಹಿಡಿಯುವ ಅಭ್ಯಾಸ ಮಾಡಿಸುತ್ತಿದ್ದೇನೆ. ನಿನ್ನೆ ಒಂದು ಜಾವಳದಲ್ಲಿ ಅವನು ಅಭ್ಯಾಸದ ಭರದಲ್ಲಿ ಆರು ಕಪ್ಪು ಫ್ರೇಮ್ ತೆಗೆದಿದ್ದಾನೆ, ಆದರೆ ಆ ಮನೆಯ ಚಿತ್ರಗಳನ್ನು ಜೋಡಿಸಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.